ಗಂಜಿನಾಗ ದಿನಾ ಕೇಳೋ ಮೊಜಾಂಬಿಕ್ ಎಂಥ ದೇಶ? ಅಲ್ಲಿ ತೊಗರಿ ಬೆಳೆಯೋರು ಯಾರು?

ಆಳಂದದ ರೈತನ ಮಗ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾ ಆಳಂದ ತಾಲ್ಲೂಕಿನವ. ನಮ್ಮದು ಎರಿ ಹೊಲ, ಮಳಿ ನಂಬಿದ ಬೇಸಾಯ. ತೊಗರಿ ಬಿಟ್ಟರ ಕೈಗಿ ರೊಕ್ಕ ಕೊಡೋ ಬೆಳಿ ಮತ್ತೊಂದಿಲ್ಲ. ಕಲಬುರಗಿ ಗಂಜಿಗಿ ಚೀಲ ಒಯ್ದಾಗೆಲ್ಲ ಒಂದೇ ಮಾತು ಕೇಳ್ತೀವಿ: "ಮೊಜಾಂಬಿಕ್ ಮಾಲು ಬಂದು ಬಿದ್ದದ, ದರ ಎಲ್ಲಿಂದ ಏರಬೇಕು?" ಸರಕಾರ 2025-26ಕ್ಕ ಬೆಂಬಲ ಬೆಲೆ ಕ್ವಿಂಟಲಿಗಿ 8,000 ಅಂತ ಹೇಳ್ಯದ. ಗಂಜಿನಾಗ ಅದಕ್ಕಿಂತ ಕೆಳಗೇ ಕೂಗ್ತಾರ.

ನಮ್ಮ ಅಪ್ಪಗ ಬಾಳ ಸಿಟ್ಟು. "ಆ ಮಂದಿಗಿ ನಮ್ಮ ಮ್ಯಾಲ ಏನು ಹಗಿ ಅದ?" ಅಂತ ಕೇಳ್ತಾನ. ನಕಾಶದಾಗ ನೋಡಿದ್ರ ಆಫ್ರಿಕಾದ ಬಲದಂಡಿಗಿ ಉದ್ದಕ ಒಂದು ದೇಶ ಕಾಣ್ತದ, ಅದರ ಮುಂದ ನನಗೇನೂ ತಿಳಿಯವಲ್ಲದು. ನೆಲ ಎಂಥಾದ್ದು, ಮಂದಿ ಯಾರು, ತೊಗರಿ ದೊಡ್ಡ ಕಂಪನಿಗಳು ಟ್ರ್ಯಾಕ್ಟರ್ ಹಚ್ಚಿ ಬೆಳೀತಾವೇನು? ನಮಗಿಂತ ಸಸ್ತಾ ಹ್ಯಾಂಗ ಬೀಳ್ತದ? ಹೋಗಿ ಬಂದವರು ಇದ್ರ ಹೇಳ್ರಿ.

ಇನ್ನೊಂದು ಮಾತು. ನಮ್ಮ ಕಾಕಾನ ಮಗನಿಗಿ ಅಲ್ಲಿಯ ನಂಪುಲಾ ಅನ್ನೋ ಊರಾಗ ಧಾನ್ಯದ ಗೋದಾಮಿನ ಕೆಲಸಕ್ಕ ಕರೀಲತ್ತಾರ. ಹೋಗಬಹುದೇನು?

ಗಂಜಿನ ಅಡತಿ:

ತಮ್ಮಾ, ಅಡತಿಯವರು ಹೇಳೋದು ಸುಳ್ಳಲ್ಲ, ಖರೇ ಪೂರಾ ಹೇಳಂಗಿಲ್ಲ. ಮೊಜಾಂಬಿಕ್ ಭೂಮಧ್ಯರೇಖೆಯ ಕೆಳಗಿನ ದೇಶ, ಅಲ್ಲಿ ಮಳಿಗಾಲ ನವೆಂಬರದಿಂದ ಏಪ್ರಿಲ್ ತನಕ. ತೊಗರಿ ನವೆಂಬರ್-ಡಿಸೆಂಬರದಾಗ ಬಿತ್ತಿ, ಜುಲೈ-ಸೆಪ್ಟೆಂಬರದಾಗ ರಾಶಿ ಮಾಡ್ತಾರ. ನಮ್ಮದು ಮುಂಗಾರಿಗಿ ಬಿತ್ತಿ ಡಿಸೆಂಬರ್-ಜನವರಿಗಿ ರಾಶಿ. ಅವರ ಮಾಲು ಮುಂಬೈ ಕಡಿ ನ್ಹಾವಾ ಶೇವಾ ಬಂದರಿನಾಗ ಇಳಿಯೋ ಹೊತ್ತಿಗಿ ನಮ್ಮ ಹೊಲದಾಗ ಇನ್ನಾ ಹೂವು, ಕಾಯಿ. ಮಿಲ್ಲಿನವರ ಗೋದಾಮು ಆಗಲೇ ತುಂಬಿರ್ತದ. ನೀವು ಹೊಸ ಮಾಲು ತಂದಾಗ ಅವರಿಗಿ ಕೊಳ್ಳೋ ಗಡಿಬಿಡಿ ಇರಂಗಿಲ್ಲ. ದರ ಬೀಳೋದು ಅಲ್ಲಿ.

ಹೊರಗಿನ ತೊಗರಿ ಅಂದ್ರ ಮೊಜಾಂಬಿಕ್ ಒಂದೇ ಅಲ್ಲ. ಬರ್ಮಾದಿಂದ ಬರೋ ತೊಗರಿಗಿ ವ್ಯಾಪಾರದಾಗ ಲೆಮನ್ ಅಂತ ಹೆಸರು, ತಾಂಜಾನಿಯಾದ್ದು ಅರುಶಾ, ಮಟ್ವಾರಾ, ಮೊಜಾಂಬಿಕಿನದು ಗಜರಿ ಮತ್ತು ಬಿಳಿ. ಮಲಾವಿಯಿಂದನೂ ಬರ್ತದ. ಗಂಜಿನಾಗ ಇವಕ್ಕೆಲ್ಲಾ ಬ್ಯಾರೆ ಬ್ಯಾರೆ ದರ. ಕುದಿಸಿದಾಗ ನಮ್ಮ ಬ್ಯಾಳಿಯ ರುಚಿ ಬ್ಯಾರೆನೇ, 2019ರಾಗ ಗುಲ್ಬರ್ಗಾ ತೊಗರಿ ಬ್ಯಾಳಿಗಿ ಭೌಗೋಳಿಕ ಗುರುತು ಸಿಕ್ಕದ. ಆದ್ರ ಬೆಂಗಳೂರಿನ ಹೋಟೆಲಿನವ ಸಾರು ಮಾಡೋವಾಗ ಅದನ್ನ ನೋಡಂಗಿಲ್ಲ, ದರ ನೋಡ್ತಾನ.

ಅಲ್ಲಿಯ ರೈತರ ಸಂಗತಿ ನನಗ ಗೊತ್ತಿಲ್ಲ. ಹೋಗಿ ಬಂದವರು ಹೇಳಲಿ.

ಸುರಪುರದವ:

ನಾ ಯಾದಗಿರಿ ಜಿಲ್ಲಾ ಸುರಪುರದವ. ಕಲಬುರಗಿಯ ದಾಲ್ ಮಿಲ್ಲಿನಾಗ ಮಾಲು ನೋಡೋ ಕೆಲಸ ಕಲ್ತೆ. ಆಮ್ಯಾಲ ನಂಪುಲಾದಾಗ ಒಂದು ಧಾನ್ಯ ಖರೀದಿ ಕಂಪನಿಯಾಗ ಕೆಲವು ಹಂಗಾಮು ದುಡಿದೆ. ತೇವ, ಕಸ, ಹುಳ ನೋಡಿ ಚೀಲ ಪಾಸ್ ಮಾಡೋದು ನನ್ನ ಕೆಲಸ. ನಿಮ್ಮ ಅಪ್ಪಾಜಿ ಕೇಳಿದ್ದನ್ನ ಅಲ್ಲಿ ಹೋಗೋ ಮೊದಲು ನಾನೂ ಕೇಳಿದ್ದೆ. ಅದಕ್ಕ ಉದ್ದಕ ಬರೀತೀನಿ, ಅವರಿಗಿ ಓದಿ ಹೇಳ್ರಿ.

ಮೊದಲು ನೆಲ. ಮೊಜಾಂಬಿಕ್ ಸುಮಾರು 8 ಲಕ್ಷ ಚದರ ಕಿಲೋಮೀಟರ್, ನಮ್ಮ ಕರ್ನಾಟಕದ ನಾಕು ಪಟ್ಟು. ಮಂದಿ ಮೂರೂವರೆ ಕೋಟಿಯ ಆಸುಪಾಸು, ನಮ್ಮ ರಾಜ್ಯದ ಅರ್ಧ. ಸಮುದ್ರದ ದಂಡಿ ಸುಮಾರು 2,500 ಕಿಲೋಮೀಟರ್. ನಟ್ಟನಡುವ ಜಾಂಬೆಜಿ ನದಿ ಹರೀತದ. ರಾಜಧಾನಿ ಮಪುಟೊ ದಕ್ಷಿಣದ ತುದಿಗಿ, ದಕ್ಷಿಣ ಆಫ್ರಿಕಾದ ಗಡಿ ಬಲ್ಲಿ ಅದ. ತೊಗರಿ ಬೆಳೆಯೋ ನಂಪುಲಾ ಉತ್ತರಕ್ಕ, ಮಪುಟೊದಿಂದ ರಸ್ತೆ ಮ್ಯಾಲ 2,000 ಕಿಲೋಮೀಟರ್ ದೂರ. ಕಯಾ ಅನ್ನೋ ಊರ ಬಲ್ಲಿ ಜಾಂಬೆಜಿಗಿ ದೊಡ್ಡ ಸೇತುವೆ ಆಗಿದ್ದೇ 2009ರಾಗ. ಅದಕ್ಕೂ ಮೊದಲು ಅಲ್ಲಿ ಲಾರಿಗಳು ಪಡಾವು ಕಾಯ್ಕೊಂತ ನಿಂದ್ರತಿದ್ವು. ರಾಜಧಾನಿಯ ಮಂದಿಗಿ ಉತ್ತರದ ರೈತ ಕಾಣಂಗಿಲ್ಲ ಅಂತ ಅಲ್ಲಿಯವರೇ ದುಃಖದಿಂದ ಹೇಳ್ತಿದ್ರು. ಬೆಂಗಳೂರಿನ ಬಗ್ಗೆ ನಾವು ಅನ್ನೋ ಮಾತು ಅದು.

ನಂಪುಲಾ ಸುತ್ತ ನೆಲ ಸಪಾಟ. ಅದರ ನಡುವ ನಮ್ಮ ಯಾದಗಿರಿ ಕ್ವಾಟಿ ಗುಡ್ಡದಂಗ ಒಂದೊಂದೇ ಬಂಡಿಗಲ್ಲಿನ ಗುಡ್ಡ ಧಡಕ್ಕನ ಎದ್ದು ನಿಂತಿರ್ತದ. ಮಣ್ಣು ಬಾಳ ಕಡಿ ಕೆಂಪು ಮತ್ತ ಉಸುಕು, ನಮ್ಮ ಎರಿಯಂಥ ನೀರು ಹಿಡಿಯೋ ಮಣ್ಣಲ್ಲ. ಇನ್ನಾ ದಕ್ಷಿಣಕ್ಕ ಜಾಂಬೇಜಿಯಾ ಪ್ರಾಂತದಾಗ ಗುರುವೆ ಅಂತ ಊರದ, ಅಲ್ಲಿ ಎತ್ತರದ ಗುಡ್ಡ, ಚಹಾ ತೋಟ, ಛಲೋ ಮಳಿ. ತೊಗರಿ ಹೆಚ್ಚಾಗಿ ಬರೋದು ಈ ಎರಡು ಪ್ರಾಂತದಿಂದ.

ಈಗ ನಿಮ್ಮ ದೊಡ್ಡ ಪ್ರಶ್ನೆ, ಯಾರು ಬೆಳೀತಾರ ಅನ್ನೋದು. ಕಂಪನಿ ಅಲ್ರಿ. ಟ್ರ್ಯಾಕ್ಟರೂ ಅಲ್ಲ. ಎತ್ತೂ ಇಲ್ಲ. ಹೌದು, ಎತ್ತೇ ಇಲ್ಲ. ಉತ್ತರದಾಗ ತ್ಸೆತ್ಸೆ ಅಂತ ಒಂದು ನೊಣ ಅದ, ಅದು ಕಚ್ಚಿದ್ರ ದನಕ್ಕ ರೋಗ ಬಂದು ಸಾಯ್ತದ. ಅದಕ್ಕ ಅಲ್ಲಿ ದನ ಕಟ್ಟಿ ಉಳೋ ಪದ್ಧತಿ ಬೆಳೀಲೇ ಇಲ್ಲ. ಇಡೀ ಹೊಲ ಗಿಡ್ಡ ಹಿಡಿಕಿಯ ಗುದ್ದಲಿಯಿಂದ ಅಗೀತಾರ. ಒಂದು ಮನಿತನಕ್ಕ ಮೂರ್ನಾಕು ಎಕರೆ ಹೊಲ, ಅದಕ್ಕ ಮಶಾಂಬಾ ಅಂತಾರ. ಗೊಬ್ಬರ ಇಲ್ಲ, ಎಣ್ಣಿ ಹೊಡೆಯೋದು ಬಾಳ ಕಮ್ಮಿ. ಮೆಕ್ಕಿಜೋಳದ ನಡುವ ತೊಗರಿ ಹಾಕ್ತಾರ. ಮೆಕ್ಕಿಜೋಳ ಮುರಕೊಂಡ ಮ್ಯಾಲ ತೊಗರಿ ಒಂದೇ ನಿಂತು ಬೆಳೀತದ. ಕಟ್ಟಿಗಿ ಒಲಿಗಿ ಆಗ್ತದ, ಅದು ನಮ್ಮಂಗೇ.

ಸಸ್ತಾ ಯಾಕ ಬೀಳ್ತದ ಅಂದ್ರ ಇದಕ್ಕೇ. ಖರ್ಚು ಅಂತ ರೊಕ್ಕ ಹೋಗಂಗಿಲ್ಲ, ಹೋಗೋದು ಹೆಣ್ಣಮಕ್ಕಳ ಬೆನ್ನು. ಅಗಿಯೋದು, ಕಳಿ ತಗಿಯೋದು, ಬಡಿಯೋದು, ತೂರೋದು ಬಹುಪಾಲು ಅವರೇ. ಅವರ ದುಡಿಮಿಗಿ ಯಾರೂ ಕೂಲಿ ಲೆಕ್ಕ ಹಾಕಂಗಿಲ್ಲ. ಆ ಕೂಲಿ ಹಿಡಿದ್ರ ಮೊಜಾಂಬಿಕ್ ತೊಗರಿ ಸಸ್ತಾ ಅಲ್ಲವೇ ಅಲ್ಲ. ಇದನ್ನ ನಾ ಕಣ್ಣಾರೆ ನೋಡೀನಿ, ಅದಕ್ಕ ಒತ್ತಿ ಹೇಳ್ತೀನಿ.

ಅಲ್ಲಿ ಹೆಚ್ಚಿನ ಮಂದಿ ಮಕುವಾ ಜನ, ಮಾತೂ ಮಕುವಾ. ಸಾಲಿ, ಕಚೇರಿ, ಕೋರ್ಟಿನಾಗ ಪೋರ್ಚುಗೀಸ್ ನಡೀತದ. ಮಕುವಾದವರಾಗ ಕುಲ ತಾಯಿ ಕಡಿಯಿಂದ ನಡೀತದ, ಮದುವಿ ಆದ ಗಂಡ ಹೆಂಡ್ತಿಯ ಊರಿಗಿ ಬಂದು ಇರೋದು ಹಳೇ ಪದ್ಧತಿ. ಸಮುದ್ರದ ದಂಡಿಗಿ ಮುಸಲ್ಮಾನರು ಹೆಚ್ಚು, ಒಳಗ ಕ್ಯಾಥೊಲಿಕ್ ಕ್ರಿಶ್ಚಿಯನ್ನರು ಬಾಳ. ಹೆಣ್ಣಮಕ್ಕಳು ಕಪುಲಾನಾ ಅಂತ ಬಣ್ಣಬಣ್ಣದ ಬಟ್ಟಿ ಸುತ್ಕೋತಾರ, ದಂಡಿ ಕಡಿಯವರು ಮುಸಿರೊ ಅನ್ನೋ ಕಟ್ಟಿಗಿ ಕಲ್ಲಿನ ಮ್ಯಾಲ ತೇಯ್ದು ಬಿಳೇ ಲೇಪ ಮುಖಕ್ಕ ಹಚ್ಕೋತಾರ. ಎಲ್ಲಿ ನೋಡಿದ್ರೂ ಸಣ್ಣ ಮಕ್ಕಳು. ಆ ದೇಶದಾಗ ಅರ್ಧದಷ್ಟು ಮಂದಿ 18ರ ಒಳಗಿನವರು.

ಊಟ ಶೀಮಾ, ಮೆಕ್ಕಿಜೋಳದ ಹಿಟ್ಟು ಗಟ್ಟಿ ಕುದಿಸಿದ್ದು. ಇಲ್ಲಂದ್ರ ಮರಗೆಣಸು, ನಮ್ಮ ಸಾಬುದಾನಿ ಅದರಿಂದನೇ ಆಗೋದು. ಕಹಿ ಮರಗೆಣಸನ್ನ ಸರಿಯಾಗಿ ನೆನೆಸಿ ಒಣಗಿಸದೇ ತಿಂದ್ರ ಅದರಾಗಿನ ವಿಷಕ್ಕ ಕಾಲು ಬಿದ್ದು ಹೋಗ್ತಾವ. 1981ರ ಬರದಾಗ ನಂಪುಲಾದಾಗೇ ಸಾವಿರಕ್ಕೂ ಹೆಚ್ಚು ಮಂದಿಗಿ ಹಂಗಾಯ್ತು, ಹೆಚ್ಚಿನವರು ಹೆಣ್ಣಮಕ್ಕಳು, ಸಣ್ಣವರು. ಹಸಿವಿಗಿ ಕಾಯೋ ತಾಳ್ಮಿ ಇರಲಿಲ್ಲ, ಅಷ್ಟೇ. ತೊಗರಿಯ ಹಸಿ ಕಾಯಿ ಕುದಿಸಿ ತಿಂತಾರ, ಒಣ ಕಾಳು ಬಹುಪಾಲು ಮಾರೋದಕ್ಕ. ಕೊಳ್ಳೋರು ಯಾರು? ನಾವೇ. ಭಾರತ ಬಿಟ್ಟರ ಆ ತೊಗರಿಗಿ ದೊಡ್ಡ ಗಿರಾಕಿ ಇಲ್ಲ.

ದರ ಹ್ಯಾಂಗ ಕಟ್ತಾರ ಅಂದ್ರ, ರಸ್ತೆ ದಂಡಿಗಿ ಸಣ್ಣ ವ್ಯಾಪಾರಿ ತಕ್ಕಡಿ ಇಟ್ಕೊಂಡು ಕುಂತಿರ್ತಾನ. ರೈತ ಸೈಕಲ್ ಮ್ಯಾಲ ಚೀಲ ಹೇರಿಕೊಂಡು ಬರ್ತಾನ. ಮುಂಬೈಯಾಗ ಮುಂಜಾನಿ ದರ ಬಿದ್ದರ ಸಂಜಿಗಿ ಆ ತಕ್ಕಡಿ ಬಲ್ಲಿ ಬೀಳ್ತದ. ಏರಿದ್ರ ಅಷ್ಟು ಲಗೂನ ಮುಟ್ಟಂಗಿಲ್ಲ. ಅಲ್ಲಿ ಗಂಜ್ ಇಲ್ಲ, ಹರಾಜಿನ ಸವಾಲ್ ಇಲ್ಲ, ನಾಕು ಅಡತಿ ತಿರುಗಿ ಕೇಳೋ ಅವಕಾಶ ಇಲ್ಲ.

ಅಲ್ಲಿಂದ ಮಾಲು ನಕಾಲಾ ಬಂದರಿಗಿ ಹೋಗ್ತದ. ಬಾಳ ಆಳದ, ದೇವರು ಕೊಟ್ಟ ಬಂದರು ಅದು. ಅಲ್ಲಿಗಿ ಬರೋ ರೈಲು ಮೊವಾತಿಜೆ ಗಣಿಯ ಕಲ್ಲಿದ್ದಲು ಹೊತ್ಕೊಂಡು ಮಲಾವಿ ದೇಶದೊಳಗ ಹಾದು ಬರ್ತದ. ಉದ್ದನ್ನ ಕಲ್ಲಿದ್ದಲಿನ ರೈಲು ಹೋಗೋವಾಗ ಪಕ್ಕದ ಹೊಲದಾಗ ಹೆಣ್ಣಮಗಳು ಗುದ್ದಲಿ ಹಿಡಿದು ನಿಂತು ನೋಡ್ತಿರ್ತಾಳ. ಆ ದೇಶದಾಗ ಕಲ್ಲಿದ್ದಲು ಅದ, ಗ್ಯಾಸ್ ಅದ, ಜಾಂಬೆಜಿ ಮ್ಯಾಲ ಕಹೋರಾ ಬಾಸಾ ಅಂತ ಆಫ್ರಿಕಾದಾಗೇ ದೊಡ್ಡ ಅಣೆಕಟ್ಟುಗಳೊಳಗ ಒಂದದ. ಅದರ ಕರೆಂಟಿನ ದೊಡ್ಡ ಪಾಲು ದಕ್ಷಿಣ ಆಫ್ರಿಕಾಕ್ಕ ಹೋಗ್ತದ. ನಾವು ಖರೀದಿಗಿ ಹೋಗೋ ಹಳ್ಳಿಗಳಾಗ ಸಂಜಿ ಆದ್ರ ಕತ್ತಲು.

ಯಾಕಿಂಗ ಅಂದ್ರ ಆ ದೇಶಕ್ಕ ಉಸಿರಾಡಲಿಕ್ಕ ಟೈಮೇ ಸಿಕ್ಕಿಲ್ಲ. 1975ರ ಜೂನ್ 25ಕ್ಕ ಪೋರ್ಚುಗೀಸರಿಂದ ಸ್ವಾತಂತ್ರ್ಯ ಬಂತು, ಸಮೋರಾ ಮಶೆಲ್ ಮೊದಲನೇ ಅಧ್ಯಕ್ಷ. ಎರಡೇ ವರ್ಷಕ್ಕ ಒಳಜಗಳ ಶುರು, ಆಳೋ ಫ್ರೆಲಿಮೊ ಪಕ್ಷದ ವಿರುದ್ಧ ರೆನಾಮೊ ಗುಂಪು. ಹೊರಗಿನವರು ಬಂದೂಕು ಕೊಟ್ಟರು. 1992ರಾಗ ರೋಮಿನಾಗ ಒಪ್ಪಂದ ಆಗೋತನಕ ಹತ್ತು ಲಕ್ಷದಷ್ಟು ಮಂದಿ ಸತ್ತರು. ಹೊಲದಾಗ ಹುಗಿದ ಮದ್ದುಗುಂಡು ತಗೆದು ಮುಗಿಸಿ ದೇಶ ಸುರಕ್ಷಿತ ಅಂತ ಸಾರಿದ್ದು 2015ರಾಗ. ಅಂದ್ರ ನಮ್ಮ ಅಪ್ಪಂದಿರು ಎರಿ ಹೊಲದಾಗ ನಿಶ್ಚಿಂತಿ ಕುಂಟಿ ಹೊಡೆಯೋವಾಗ, ಅಲ್ಲಿಯ ರೈತ ಗುದ್ದಲಿ ಎತ್ತಿ ಹಾಕೋ ಮೊದಲು ವಿಚಾರ ಮಾಡಬೇಕಿತ್ತು.

ಹಗಿ ಇಲ್ಲ ಅಂತ ಅಪ್ಪಾಜಿಗಿ ಹೇಳ್ರಿ. ಕಲಬುರಗಿ ಅನ್ನೋ ಊರು ಅದ ಅನ್ನೋದೇ ಅವರಿಗಿ ಗೊತ್ತಿಲ್ಲ.

ಬೀದರ್ ಕಾಲೇಜು ಮೇಡಂ:

ಸುರಪುರದ ಅಣ್ಣನವರು ಬರೆದದ್ದು ತುಂಬ ಮುಖ್ಯ. ಬೀದರ್‌ನ ಪದವಿ ಕಾಲೇಜಿನಲ್ಲಿ ಅರ್ಥಶಾಸ್ತ್ರ ಪಾಠ ಮಾಡುವವಳಾಗಿ ಒಂದೆರಡು ಸಂಗತಿ ಸೇರಿಸುತ್ತೇನೆ.

ಪೋರ್ಚುಗೀಸರು 1752ರವರೆಗೆ ಮೊಜಾಂಬಿಕನ್ನು ಆಳುತ್ತಿದ್ದದ್ದು ಗೋವಾದಿಂದ. ದೀವ್‌ನ ಗುಜರಾತಿ ವ್ಯಾಪಾರಿಗಳು ಬಟ್ಟೆ ಕೊಟ್ಟು ಆನೆದಂತ ತರುತ್ತಿದ್ದರು. ನಮ್ಮ ಬೀದರ್‌ನ ಹಬ್ಶಿ ಕೋಟ್ ಬೆಟ್ಟದ ಮೇಲಿರುವ ಗೋರಿಗಳು ಇಥಿಯೋಪಿಯಾ ಕಡೆಯಿಂದ ಬಂದು ಬಹಮನಿ ದರಬಾರಿನಲ್ಲಿ ಸರದಾರರಾದವರವು. ಅದು ಬೇರೆ ದೇಶ, ಆದರೆ ಸಮುದ್ರ ಅದೇ. ಆ ದಂಡೆಗೂ ನಮಗೂ ನಂಟು ತೊಗರಿಯಿಂದ ಶುರುವಾದದ್ದಲ್ಲ.

ಗೇರುಬೀಜದ ಕತೆಯನ್ನು ಪ್ರತಿಯೊಬ್ಬ ತೊಗರಿ ರೈತನೂ ತಿಳಿಯಬೇಕು. 1970ರ ದಶಕದ ಆರಂಭದಲ್ಲಿ ಗೇರು ಬೆಳೆಯಲ್ಲಿ ಮೊಜಾಂಬಿಕ್ ಜಗತ್ತಿಗೇ ಮೊದಲು. ಬೀಜ ಸುಲಿಯುವ ಕಾರ್ಖಾನೆಗಳಲ್ಲಿ ಸಾವಿರಾರು ಜನ, ಅದರಲ್ಲೂ ಹೆಂಗಸರು, ದುಡಿಯುತ್ತಿದ್ದರು. ಯುದ್ಧದಲ್ಲಿ ತೋಟಗಳು ಹಾಳಾದವು. ಚೇತರಿಸಿಕೊಳ್ಳುವ ಹೊತ್ತಿಗೆ, 1990ರ ದಶಕದಲ್ಲಿ, ಕಚ್ಚಾ ಬೀಜದ ರಫ್ತು ತೆರಿಗೆ ಇಳಿಸಿ ಎಂದು ವಿಶ್ವ ಬ್ಯಾಂಕ್ ಒತ್ತಾಯಿಸಿತು. ಸಾಲ ಬೇಕಿದ್ದ ಸರಕಾರ ಇಳಿಸಿತು. ಕಚ್ಚಾ ಬೀಜ ಹಡಗು ಹತ್ತಿ ಭಾರತಕ್ಕೆ ಬಂತು, ಅಲ್ಲಿನ ಕಾರ್ಖಾನೆಗಳು ಮುಚ್ಚಿದವು. ರೈತನಿಗೆ ಸಿಕ್ಕ ಹೆಚ್ಚುವರಿ ಬೆಲೆ ಅತ್ಯಲ್ಪ ಎಂದು ಆಮೇಲೆ ಅರ್ಥಶಾಸ್ತ್ರಜ್ಞರೇ ಲೆಕ್ಕ ಹಾಕಿ ತೋರಿಸಿದರು. ತೊಗರಿಯಲ್ಲೂ ಅದೇ ಆಗುತ್ತಿದೆ: ಹೆಚ್ಚಿನ ಪಾಲು ಕಾಳು ಅಲ್ಲಿಂದ ಕಚ್ಚಾ ಆಗಿಯೇ ಹೊರಡುತ್ತದೆ, ಬೇಳೆ ಒಡೆಯುವ ಕೆಲಸ ಮತ್ತು ಲಾಭ ಇಲ್ಲಿ.

ಸಾಲದ ಮಾತು ಬಂದದ್ದಕ್ಕೆ ಇನ್ನೊಂದು. 2013-14ರಲ್ಲಿ ಮೀನುಗಾರಿಕೆ ಹಡಗು ಮತ್ತು ಕರಾವಳಿ ಕಾವಲಿನ ಹೆಸರಲ್ಲಿ ಸುಮಾರು 200 ಕೋಟಿ ಡಾಲರ್ ಸಾಲ ಎತ್ತಲಾಯಿತು, ಅದರ ಬಹುಪಾಲನ್ನು ಸಂಸತ್ತಿಗೂ ತಿಳಿಸದೆ. 2016ರಲ್ಲಿ ಬಯಲಾದಾಗ ಐಎಂಎಫ್ ಮತ್ತು ದಾನಿ ದೇಶಗಳು ನೆರವು ನಿಲ್ಲಿಸಿದವು, ಅಲ್ಲಿನ ನಾಣ್ಯ ಮೆತಿಕಾಲ್ ಕುಸಿಯಿತು. ಅಂದಿನ ಹಣಕಾಸು ಸಚಿವ ಮನುವೆಲ್ ಚಾಂಗ್ 2024ರಲ್ಲಿ ನ್ಯೂಯಾರ್ಕ್ ಕೋರ್ಟಿನಲ್ಲಿ ತಪ್ಪಿತಸ್ಥರಾದರು. ಆದರೆ ಆ ಸಾಲದ ಬೆಲೆಯನ್ನು ಆಸ್ಪತ್ರೆಯಲ್ಲಿ ಔಷಧ ಇಲ್ಲದೆ ತೆತ್ತವರು ಹಳ್ಳಿಯವರು. ಉತ್ತರದ ರೊವುಮಾ ಗ್ಯಾಸ್ ಯೋಜನೆಯ ಒಂದು ಬ್ಲಾಕಿನಲ್ಲಿ ನಮ್ಮ ಸರಕಾರಿ ತೈಲ ಕಂಪನಿಗಳದ್ದೇ ಒಟ್ಟು 30 ಶೇಕಡಾ ಪಾಲಿದೆ. ಹಾಗಾಗಿ ಆ ದೇಶದ ಒಳಿತು-ಕೆಡುಕು ನಮಗೆ ಸಂಬಂಧಿಸಿದ್ದಲ್ಲ ಎನ್ನುವಂತಿಲ್ಲ.

ಆಳಂದದ ರೈತನ ಮಗ:

ಅಣ್ಣಾವರೇ, ಮೇಡಂ, ರಾತ್ರಿ ಅಪ್ಪಗ ಪೂರಾ ಓದಿ ಹೇಳಿದೆ. ಎತ್ತಿಲ್ಲದ ಹೊಲ ಅನ್ನೋದು ಕೇಳಿ ಬಾಳ ಹೊತ್ತು ಸುಮ್ಮನ ಕುಂತ. ಆಮ್ಯಾಲ ಮೂರು ಮಾತು ಕೇಳ್ಯಾನ. ಅಲ್ಲಿ ಹೊಲದ ಮ್ಯಾಲ ಸಾಲ ಕೊಡ್ತಾರೇನು? ಬೆಳಿ ಹೋದ್ರ ಏನು ಗತಿ? ಮತ್ತ, ಅವರು ಬಡವರು ಅಂತ ನಾವು ಮುಳುಗಬೇಕೇನು, ಆಮದು ಪೂರಾ ಬಂದ್ ಮಾಡಿದ್ರ ನಮಗ ಛಲೋ ಅಲ್ಲೇನು?

ಸುರಪುರದವ:

ಅಪ್ಪಾಜಿ ಕೇಳಿದ್ದು ನ್ಯಾಯ ಅದ.

ಹೊಲದ ಮ್ಯಾಲ ಸಾಲ ಇಲ್ಲ. ಅಲ್ಲಿ ಭೂಮಿ ಪೂರಾ ಸರಕಾರದ್ದು. ಉಳೋ ಹಕ್ಕು ಅದ, ಮಾರೋ ಹಕ್ಕು ಇಲ್ಲ, ಅಡ ಇಡೋ ಹಕ್ಕೂ ಇಲ್ಲ. ಹೊಲ ಸಾಹುಕಾರನ ಪಾಲಾಗಂಗಿಲ್ಲ, ಅದು ಒಳ್ಳೇದು. ಆದ್ರ ಬ್ಯಾಂಕಿನವ ಬಾಗಿಲೊಳಗ ಬಿಟ್ಕೊಳ್ಳಂಗಿಲ್ಲ. ಬೀಜ ಹ್ವಾದ ವರ್ಷದ ಕಾಳೇ. ನೆಟೆ ರೋಗ ತಾಳೋ ಹೊಸ ತಳಿ ಹೈದರಾಬಾದ್ ಕಡಿಯ ಬೆಳಿ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟಿನವರು ಆ ಕಡಿಗೂ ಕೊಟ್ಟಾರ, ಹಳ್ಳಿ ಹಳ್ಳಿಗಿ ಮುಟ್ಟಿಲ್ಲ. ನಮಗ ಮಾರುತಿ, ಟಿಎಸ್-3ಆರ್ ತಳಿ ಸಿಕ್ಕಂಗ ಅವರಿಗಿ ಸಿಕ್ಕಿಲ್ಲ.

ಬೆಳಿ ಹೋದ್ರ ಗತಿ ಅಂದ್ರ ಮರಗೆಣಸು, ಬಂಧು-ಬಳಗ. ವಿಮಾ ಇಲ್ಲ. ಬರದ ಜೋಡಿ ಚಂಡಮಾರುತ ಬ್ಯಾರೆ. 2019ರ ಮಾರ್ಚಿನಾಗ ಇದಾಯ್ ಬಂದು ಬೈರಾ ಪಟ್ಟಣ ಮುಳುಗ್ತು, 600ಕ್ಕೂ ಹೆಚ್ಚು ಮಂದಿ ಹೋದ್ರು. ಮೊದಲು ಮುಟ್ಟಿದ ನೆರವಿನೊಳಗ ನಮ್ಮ ನೌಕಾದಳದ ಹಡಗು ಇದ್ವು, ಅದನ್ನ ಅಲ್ಲಿಯವರು ಈಗೂ ನೆನೆಸ್ತಾರ. ತಿಂಗಳೊಪ್ಪತ್ತಿನಾಗೇ ಉತ್ತರಕ್ಕ ಕೆನೆತ್ ಹೊಡೀತು. 2024ರ ಡಿಸೆಂಬರಿಗಿ ಚಿಡೊ.

ಈಗ ಆಮದಿನ ಮಾತು. 2015ರಾಗ ಇಲ್ಲಿ ಬ್ಯಾಳಿ ಕಿಲೋಕ್ಕ 200 ಮುಟ್ಟಿದಾಗ ಗದ್ದಲ ಆಯ್ತು, ನೆನಪಿರಬೇಕು. 2016ರ ಜುಲೈಯಾಗ ನಮ್ಮ ಪ್ರಧಾನಿ ಮಪುಟೊಕ್ಕ ಹೋದಾಗ ಒಪ್ಪಂದ ಆಯ್ತು: ವರ್ಷಕ್ಕ ಒಂದು ಲಕ್ಷ ಟನ್ನಿನಿಂದ ಶುರುಮಾಡಿ ಎರಡು ಲಕ್ಷ ಟನ್ ತನಕ ತೊಗರಿ ತಗೋತೀವಿ ಅಂತ. ಅಲ್ಲಿಯ ರೈತರು ಮಾತು ನಂಬಿ ಇನ್ನಷ್ಟು ಬಿತ್ತಿದರು. ಅದೇ ಹೊತ್ತಿಗಿ ನಾವೂ ದರ ನೋಡಿ ಬಿತ್ತಿದಿವಿ. ದೇಶದಾಗ 2015-16ಕ್ಕ 25 ಲಕ್ಷ ಟನ್ ಇದ್ದ ತೊಗರಿ ಮರುವರ್ಷ 48 ಲಕ್ಷ ಆಯ್ತು. ದರ ನೆಲ ಕಚ್ತು, ಖರೀದಿ ಕೇಂದ್ರದ ಮುಂದ ಚೀಲ ಇಟ್ಕೊಂಡು ನಮ್ಮ ಮಂದಿ ಪಾಳಿ ನಿಂತರು. 2017ರ ಆಗಸ್ಟಿನಾಗ ದಿಲ್ಲಿಯಿಂದ ಆದೇಶ ಬಂತು, ಒಪ್ಪಂದದ ಪಾಲು ಬಿಟ್ಟು ಹೊರಗಿನ ತೊಗರಿ ವರ್ಷಕ್ಕ ಎರಡು ಲಕ್ಷ ಟನ್ನಿಗಿ ಮಿತಿ. ಆಗಸ್ಟ್ ಅಂದ್ರ ಅಲ್ಲಿ ರಾಶಿ ನಡೆಯೋ ಹೊತ್ತು. ನಂಪುಲಾ, ಜಾಂಬೇಜಿಯಾದಾಗ ಕೇಳೋರೇ ಇಲ್ದಂಗಾಯ್ತು. ಒಂದೇ ವರ್ಷದಾಗ ಅಲ್ಲಿಯ ರೈತನೂ ಇಲ್ಲಿಯ ರೈತನೂ ಮುಳುಗಿದರು. ಈ ಲೆಕ್ಕದಾಗ ಗೆದ್ದ ರೈತ ಒಬ್ಬನೂ ಇಲ್ಲ.

ಆಮ್ಯಾಲ 2021ರಾಗ ಬಾಗಿಲು ಪೂರಾ ತಗದ್ರು, ಮುಂದ ಸುಂಕನೂ ತಗದ್ರು. ವರ್ಷ ವರ್ಷ ಮುಂದ ಹಾಕ್ಕೋತ ಬಂದಾರ. 2024-25ರಾಗ ಹತ್ತು ಲಕ್ಷ ಟನ್ ಮೀರಿ ಹೊರಗಿನ ತೊಗರಿ ಬಂತು. ಇದು ತಪ್ಪು ಅಂತ ನಾ ಗಟ್ಟಿಯಾಗಿ ಹೇಳ್ತೀನಿ. ಬೆಂಬಲ ಬೆಲೆಗಿಂತ ಕೆಳಗ ಬಂದಿಳಿಯೋ ಮಾಲಿಗಿ ಸುಂಕ ಇರಬೇಕು. ನಮ್ಮ ರಾಶಿಯ ತಿಂಗಳಾಗ ಆ ಸುಂಕ ಹೆಚ್ಚಿರಬೇಕು. ಆದ್ರ ಪೂರಾ ಬಂದ್ ಅನ್ನೋದು ಆಗೋ ಮಾತಲ್ಲ, ದೇಶಕ್ಕ ಬೇಕಾಗೋವಷ್ಟು ತೊಗರಿ ನಾವು ಬೆಳೀಲತ್ತಿಲ್ಲ. ನಾ ಕೇಳೋದು ಇಷ್ಟೇ: ಈ ವರ್ಷ ಎಷ್ಟು ಟನ್ ತರಸ್ತೀವಿ, ಎಷ್ಟು ಸುಂಕ ಅನ್ನೋದನ್ನ ಬಿತ್ತೋ ಮೊದಲೇ ಹೇಳಲಿ. ನಮಗ ಮೇ ತಿಂಗಳಾಗ, ಅವರಿಗಿ ಅಕ್ಟೋಬರದಾಗ. ಹೇಳಿದ ಮ್ಯಾಲ ನಡುವ ಬದಲಿ ಮಾಡಬಾರದು. ನಮ್ಮ ತೊಗರಿ ಮಂಡಳಿ, ರೈತ ಸಂಘದವರು ಇದನ್ನೇ ಹಿಡಿದು ಕೇಳಬೇಕು. ಮೊಜಾಂಬಿಕಿನವರನ್ನ ಬೈದ್ರ ಒಂದು ಪೈಸೆ ಏರಂಗಿಲ್ಲ.

ನಿಮ್ಮ ಕಾಕಾನ ಮಗನ ಕೆಲಸದ್ದು. ಹೋಗಬಾರದು ಅನ್ನಂಗಿಲ್ಲ, ನೋಡ್ಕೊಂಡು ಹೋಗಲಿ. ನಂಪುಲಾದ ಉತ್ತರಕ್ಕ ಕಾಬೊ ಡೆಲ್ಗಾಡೊ ಅಂತ ಪ್ರಾಂತ ಅದ, ಗ್ಯಾಸ್ ಸಿಕ್ಕಿದ್ದು ಅಲ್ಲೇ. 2017ರ ಅಕ್ಟೋಬರದಿಂದ ಅಲ್ಲಿ ಉಗ್ರರ ಕಾಟ, 2021ರ ಮಾರ್ಚಿನಾಗ ಪಾಲ್ಮಾ ಊರಿನ ಮ್ಯಾಲ ದೊಡ್ಡ ದಾಳಿ ಆಯ್ತು, ಲಕ್ಷಗಟ್ಟಲೆ ಮಂದಿ ಮನಿ ಬಿಟ್ಟು ನಂಪುಲಾ ಕಡಿ ಬಂದಾರ. ಖರೀದಿಗಂತ ಆ ಕಡಿ ಕಳಸ್ತಾರೇನು ಅಂತ ಮೊದಲೇ ಕೇಳಲಿ. 2024ರ ಅಕ್ಟೋಬರ್ ಚುನಾವಣಿ ಆದ ಮ್ಯಾಲ ಊರೂರಾಗ ಗಲಭೆ ಆಗಿ ಅಂಗಡಿ, ಗೋದಾಮು ಲೂಟಿ ಆದ್ವು. ಡಾನಿಯೆಲ್ ಶಾಪೊ 2025ರ ಜನವರಿಗಿ ಅಧ್ಯಕ್ಷರಾಗ್ಯಾರ.

ಮಲೇರಿಯಾ ಅಲ್ಲಿ ದೊಡ್ಡ ಜಡ್ಡು. ಜ್ವರ ಬಂದ ದಿನಾನೇ ರಕ್ತ ತೋರಿಸಬೇಕು, ಸೊಳ್ಳಿ ಪರದಿಯೊಳಗೇ ಮಲಗಬೇಕು. ಪಗಾರ ಡಾಲರಿನಾಗೋ ಮೆತಿಕಾಲಿನಾಗೋ, ಅದನ್ನ ಕಾಗದದ ಮ್ಯಾಲ ಬರೆಸ್ಕೋಬೇಕು. ಕೆಲಸದ ಪರವಾನಗಿ ಕಂಪನಿಯೇ ಮಾಡಿಸಬೇಕು, ಪಾಸ್‌ಪೋರ್ಟ್ ಯಾರ ಕೈಯಾಗೂ ಬಿಡಬಾರದು. ಇಲ್ಲಿಂದ ಹೊರಡೋ ಮೊದಲೇ ಪೋರ್ಚುಗೀಸ್ ಲೆಕ್ಕ, ದಿನದ ಮಾತು ಕಲೀಲಿ. ಬರೇ ಇಂಗ್ಲಿಷ್, ಹಿಂದಿ ನಂಬಿದ್ರ ತಕ್ಕಡಿ ಬಲ್ಲಿ ನಿಂತ ರೈತ ಏನಂತಾನ ಅನ್ನೋದು ತಿಳಿಯಂಗಿಲ್ಲ, ನಡುವಿನವ ಹೇಳಿದ್ದೇ ಖರೇ ಆಗ್ತದ. ಆ ನಡುವಿನವನಿಂದ ರೈತನಿಗೂ ಮೋಸ, ಕಂಪನಿಗೂ ಮೋಸ ಆಗಿದ್ದು ನಾ ಬಾಳ ನೋಡೀನಿ.

ಕರಾರು ಪತ್ರ ಕೈಗಿ ಬಂದ ಮ್ಯಾಲ ಹೆಸರು, ನಂಬರ್ ಮುಚ್ಚಿ ಅದರ ಷರತ್ತು ಇಲ್ಲೇ ಹಾಕ್ರಿ. ಸಹಿ ಮಾಡೋ ಮೊದಲು ನಾ ಓದಿ ಹೇಳ್ತೀನಿ.